ಹಂಚಿದ್ದೆಷ್ಟು, ಹಚ್ಚಿಕೊಂಡವರೆಷ್ಟು: ಊರಿನವರೊಂದಿಗೆ ಸೇರಿ ಮೌಲ್ಯಮಾಪನ

ತೀರ್ಥಹಳ್ಳಿ ಕಡೆಯ ಒಂದು ಊರಿನಲ್ಲಿ ಸಂಸ್ಥೆಯೊಂದು ಮಂಗನ ಕಾಯಿಲೆ ಬಗ್ಗೆ ತಿಳಿವಳಿಕೆ ಕೊಟ್ಟು, ಆಶಾ ಕಾರ್ಯಕರ್ತೆಯರ ಜೊತೆಗೂಡಿ, ಕಾಯಿಲೆ ಹರಡುವ ಉಣುಗು (ಉಣ್ಣೆ ಹುಳು) ಕಚ್ಚದಂತೆ ಮೈಗೆ ಹಚ್ಚಿಕೊಳ್ಳುವ ಡೆಪಾ ಎಣ್ಣೆ ಹಂಚಿದೆ ಎನ್ನಿ. ಎಷ್ಟು ಬಾಟಲಿ, ಎಷ್ಟು ಸಭೆ ಎಂಬುದೆಲ್ಲ ವರದಿಯಲ್ಲಿರುತ್ತದೆ. ದರಗು (ಉದುರಿದ ಒಣ ಎಲೆ) ಗುಡಿಸಿ ತರಲು ಬೆಟ್ಟ ಹತ್ತಿದವರು ಅದನ್ನು ಹಚ್ಚಿಕೊಂಡರೇ ಎಂಬುದು ಮಾತ್ರ ಇರುವುದಿಲ್ಲ. ಅದು ಗೊತ್ತಿರುವುದು ಊರಿನವರಿಗೆ. ಅದಕ್ಕೇ ಮೌಲ್ಯಮಾಪನವನ್ನು ಅವರೊಂದಿಗೆ ಸೇರಿಯೇ ಮಾಡಬೇಕು.

ಮೊದಲು ಕಾಲ ನೋಡಿ. ಅಡಿಕೆಯ ಕೊನೆಕೊಯ್ಲು, ಸುಲಿತದ ದಿನಗಳಲ್ಲಿ ಸಂಜೆ ಸಭೆ ಕರೆದರೆ ಬರಬೇಕಾದವರು ಬರುವುದಿಲ್ಲ. ಮಳೆ ಹಿಡಿದ ಮೇಲೆ ಗದ್ದೆ ಕೆಲಸ. ಮಾರ್ಚ್ ಸರಿಹೋಗುತ್ತದೆ. ಅಡಿಕೆ ಕೆಲಸ ಇಳಿದಿರುತ್ತದೆ, ಉಣುಗಿನ ಕಾಟ ಇನ್ನೂ ನಡೆದೇ ಇರುತ್ತದೆ.

ಎಂಟು-ಹತ್ತು ಜನರ ತಂಡ ಸಾಕು: ಆಶಾ, ಸ್ವಸಹಾಯ ಸಂಘದ ಇಬ್ಬರು, ದನ ಕಾಯುವವರು, ದರಗು ತರುವ ಕೂಲಿಯವರು, ಪಂಚಾಯ್ತಿ ಸದಸ್ಯರೊಬ್ಬರು, ಸಂಸ್ಥೆಯ ಒಬ್ಬರು. ಸಭೆ ನಡೆಸುವ ಕೆಲಸ ಸಂಸ್ಥೆಯವರ ಕೈಗೆ ಹೋಗಬಾರದು, ಹೋದರೆ ಎಲ್ಲರೂ "ಚೆನ್ನಾಗಿ ಆಗಿದೆ" ಎಂದೇ ಹೇಳುತ್ತಾರೆ. ಕೂಲಿಯವರ ಆ ದಿನದ ಸಂಬಳ ಕಟ್ಟಿಕೊಡಿ.

ಅರ್ಧ ದಿನ ಕೂತು ಪ್ರಶ್ನೆ ಗೊತ್ತು ಮಾಡಿ. ನಾಲ್ಕು ಮೀರಬೇಡಿ. ಉತ್ತರ ಬಂದರೆ ಏನು ಬದಲಾಯಿಸುತ್ತೀರಿ ಎಂದು ಪ್ರತಿ ಪ್ರಶ್ನೆಗೂ ಕೇಳಿ, ಏನೂ ಇಲ್ಲ ಎಂದಾದರೆ ಆ ಪ್ರಶ್ನೆ ಬಿಡಿ. "ಕಾಯಿಲೆ ಕಡಿಮೆಯಾಯಿತೇ?" ಎಂಬುದನ್ನೂ ಬಿಡುವುದು ಒಳ್ಳೆಯದು. ಕಾಯಿಲೆ ವರ್ಷದಿಂದ ವರ್ಷಕ್ಕೆ ಏರಿಳಿಯುತ್ತದೆ. ಒಂದೂರಿನ ನಾಲ್ಕಾರು ಪ್ರಕರಣ ನೋಡಿ ಎಣ್ಣೆಯಿಂದ ಆಯಿತು, ಆಗಲಿಲ್ಲ ಎನ್ನಲಾಗದು. "ಹಚ್ಚಿಕೊಳ್ಳದವರು ಯಾರು, ಏಕೆ?" ಎಂಬ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಎಡವುವುದು ಹೆಚ್ಚಾಗಿ ಮನೆಗಳ ಆಯ್ಕೆಯಲ್ಲಿ. ಮಲೆನಾಡಿನ ಮನೆಗಳು ಚದುರಿರುವುದರಿಂದ ಜೀಪು ನಿಲ್ಲುವ ಕಡೆಯವನ್ನೇ ಕೇಳಿ ಬಂದುಬಿಡುತ್ತಾರೆ. ಎಣ್ಣೆ ಸುಲಭವಾಗಿ ತಲುಪಿದ್ದೂ ಅಲ್ಲಿಗೇ ತಾನೇ! ಆಶಾ ಅವರ ಪಟ್ಟಿಯಲ್ಲಿ 150 ಮನೆ ಇದ್ದರೆ 1ರಿಂದ 5ರವರೆಗಿನ ಚೀಟಿ ಎತ್ತಿ, ಬಂದ ಸಂಖ್ಯೆಯಿಂದ ಶುರುಮಾಡಿ ಪ್ರತಿ ಐದನೆಯ ಮನೆ ಹಿಡಿಯಿರಿ: 30 ಮನೆ. ತೋಟದಾಚೆಯ ಒಂಟಿಮನೆ ಬಂದರೆ ನಡೆದೇ ಹೋಗಬೇಕು, ಪಕ್ಕದ ಮನೆ ಸೇರಿಸಿಕೊಳ್ಳುವಂತಿಲ್ಲ. ಬಾಟಲಿ ತೋರಿಸಲು ಕೇಳಿ. ಸೀಲು ಒಡೆಯದೆ ಅಟ್ಟದ ಮೇಲಿದ್ದರೆ ಹಾಗೇ ಬರೆದುಕೊಳ್ಳಿ, ಬುದ್ಧಿ ಹೇಳಲು ಹೋಗಬೇಡಿ.

ಕಾರಣಗಳ ತೂಕ ತಿಳಿಯಲು ಹುಣಸೆಬೀಜ ಸಾಕು. ಊರಿನವರು ಹೇಳಿದ ಕಾರಣಗಳಿಗೆ (ವಾಸನೆ, ಜಿಡ್ಡು, ಬೆಳಗಿನ ಅವಸರ, ಎಣ್ಣೆ ಮುಗಿದದ್ದು) ಒಂದೊಂದು ಚಿತ್ರದ ಚೀಟಿ ಮಾಡಿ ನೆಲದಲ್ಲಿ ಹರಡಿ. ಒಬ್ಬೊಬ್ಬರಿಗೂ 10 ಬೀಜ ಕೊಟ್ಟು ಹೆಚ್ಚು ಅಡ್ಡಿಯಾದದ್ದಕ್ಕೆ ಹೆಚ್ಚು ಇಡಲು ಹೇಳಿ. ಒಬ್ಬರು ಇಡುವಾಗ ಉಳಿದವರು ಹೊರಗಿರಲಿ; ಚೀಟಿಯ ಮೇಲೆ ಬಟ್ಟಲು ಕವುಚಿದ್ದರೆ ಹಿಂದಿನವರು ಇಟ್ಟದ್ದು ಕಾಣುವುದಿಲ್ಲ. ತೋಟದವರು, ಕೂಲಿಯವರು ಬೇರೆ ಬೇರೆ ಕೂರಬೇಕು. ಒಡೆಯರ ಎದುರು "ಹಚ್ಚಿಕೊಳ್ಳಲು ಹೊತ್ತು ಕೊಡುವುದಿಲ್ಲ" ಎಂಬ ಮಾತು ಯಾರ ಬಾಯಿಂದಲೂ ಬರದು.

ಕಾಯಿಲೆ ಬಂದವರ ಹೆಸರು ಎಲ್ಲೂ ಬರೆಯಬೇಡಿ.

ಬಂದದ್ದನ್ನು ವರದಿ ಮಾಡುವ ಮೊದಲೇ ತಂಡದ ಮುಂದೆ ಓದಿ. ಸಂಸ್ಥೆಗೂ ಊರಿಗೂ ಅಭಿಪ್ರಾಯ ಕೂಡದಿದ್ದರೆ ಎರಡನ್ನೂ ಬರೆಯಿರಿ. ಆಮೇಲೆ ಕನ್ನಡದಲ್ಲಿ ಒಂದೇ ಹಾಳೆ: ಕಂಡದ್ದೇನು, ಯಾರು ಏನು ಮಾಡಬೇಕು, ಯಾವಾಗ. ಹಾಲಿನ ಡೈರಿಯಲ್ಲೂ ನ್ಯಾಯಬೆಲೆ ಅಂಗಡಿಯಲ್ಲೂ ಅಂಟಿಸಿ. ಉಣುಗಿನ ಕಾಲ ಡಿಸೆಂಬರ್‌ಗೆ ಶುರುವಾಗುವುದರಿಂದ, ನವೆಂಬರ್ ಒಳಗೆ ಮುಗಿಯಬೇಕಾದವು ಪಟ್ಟಿಯಲ್ಲಿ ಮೇಲಿರಲಿ.