ಕೊಪ್ಪಳದಲ್ಲಿ ಕಾರಿಲ್ಲದ ಓಡಾಟ: ನನ್ನ ಅನುಭವ

ಕೊಪ್ಪಳದಲ್ಲಿ ಕಾರಿಲ್ಲದೆ ಓಡಾಡುವವರು ಮೊದಲು ಬಿಸಿಲಿನ ಲೆಕ್ಕ ಹಿಡಿಯಬೇಕು. ರೈಲು ನಿಲ್ದಾಣ, ಬಸ್ ನಿಲ್ದಾಣ, ಜವಾಹರ ರಸ್ತೆಯ ಅಂಗಡಿಗಳು, ಗವಿಮಠ ಎಲ್ಲವೂ ಸೈಕಲ್ಲಿಗೆ ಎಟುಕುವ ಅಂತರದಲ್ಲೇ ಇವೆ. ಆದರೆ ಏಪ್ರಿಲ್, ಮೇ ತಿಂಗಳುಗಳಲ್ಲಿ ತಾಪಮಾನ 40 ಡಿಗ್ರಿಯ ಆಸುಪಾಸಿಗೆ ಏರುವುದರಿಂದ, ಸಂತೆ, ಬ್ಯಾಂಕು, ಔಷಧಿ ಅಂಗಡಿಯ ಕೆಲಸಗಳನ್ನು ಒಂದೇ ದಾರಿಗೆ ಕೂಡಿಸಿಕೊಂಡು ಹನ್ನೊಂದು ಗಂಟೆಯೊಳಗೆ ಮನೆ ಸೇರುವ ರೂಢಿಯನ್ನು ನಾನು ಮಾಡಿಕೊಂಡಿದ್ದೇನೆ.

ಸೈಕಲ್ ತುಳಿಯುವವರಿಗೆ ಇಲ್ಲಿ ದೊಡ್ಡ ಕಾಟವೆಂದರೆ ಬಳ್ಳಾರಿ ಜಾಲಿಯ ಮುಳ್ಳು. ಅದು ಟೈರಿಗೆ ನಾಟಿದರೆ ತುದಿ ಮುರಿದು ಒಳಗೇ ಉಳಿಯುತ್ತದೆ; ಟ್ಯೂಬಿಗೆ ಮಾತ್ರ ತೇಪೆ ಹಾಕಿ ಜೋಡಿಸಿದರೆ ಅದೇ ತುದಿ ಮತ್ತೆ ಚುಚ್ಚುತ್ತದೆ. ಗಾಳಿ ತುಂಬಿದ ಟ್ಯೂಬನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿ, ಗುಳ್ಳೆ ಏಳುವ ಜಾಗವನ್ನು ಗುರುತಿಸಿದ ಮೇಲೆ, ಟೈರಿನ ಒಳಮೈಯನ್ನು ಹಳೆಯ ಹತ್ತಿ ಬಟ್ಟೆಯಿಂದ ಸುತ್ತಲೂ ಒರೆಸುತ್ತೇನೆ. ಬಟ್ಟೆಯ ಎಳೆ ಸಿಕ್ಕಿಕೊಂಡಲ್ಲಿ ಮುಳ್ಳಿರುತ್ತದೆ. ಅದನ್ನು ಚಿಮಟದಿಂದ ಕಿತ್ತ ಬಳಿಕವೇ ಟ್ಯೂಬು ಕೂಡಿಸುವುದು. ಬೆರಳಿನಿಂದಂತೂ ತಡಕಬಾರದು.

ಊರಾಚೆಯ ಕೆಲಸಕ್ಕೆ ಸೈಕಲ್ಲನ್ನು ಸ್ಟ್ಯಾಂಡಿನಲ್ಲಿ ಬಿಟ್ಟು ಹೊರಡುತ್ತೇನೆ. ಹುಬ್ಬಳ್ಳಿ–ಗುಂತಕಲ್ ಮಾರ್ಗವು ಕೊಪ್ಪಳದಿಂದ ಹೊಸಪೇಟೆ, ತೋರಣಗಲ್ಲುಗಳ ಮೂಲಕ ಬಳ್ಳಾರಿಗೆ ಹೋಗುವುದರಿಂದ, ಆ ಕಡೆಯ ದೂರದ ಪ್ರಯಾಣಕ್ಕೆ ರೈಲನ್ನೇ ಇಷ್ಟಪಡುತ್ತೇನೆ. ಗಂಗಾವತಿಗೆ ಬಸ್ಸು ಅನುಕೂಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ನಂತರ, ರಾಜ್ಯದೊಳಗಿನ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಗುರುತಿನ ಚೀಟಿ ತೋರಿಸಿ ಶೂನ್ಯ ದರದ ಟಿಕೆಟ್ ಪಡೆಯುವ ನಮ್ಮಂಥ ಹೆಣ್ಣುಮಕ್ಕಳಿಗೆ, ಒಂದು ಸಣ್ಣ ಕೆಲಸಕ್ಕೂ ಮನೆಯಲ್ಲಿ ಹಣ ಕೇಳದೆ ಹೊರಡುವ ಸ್ವಾತಂತ್ರ್ಯ ಸಿಕ್ಕಿದೆ. ಇದನ್ನು ನಾನು ಬಹಳ ದೊಡ್ಡ ಸಂಗತಿಯೆಂದು ಭಾವಿಸುತ್ತೇನೆ. ಹುಣ್ಣಿಮೆಯ ದಿನ ಹೊಸಪೇಟೆ ಕಡೆಯ ಹುಲಿಗಿಯಲ್ಲಿರುವ ಹುಲಿಗೆಮ್ಮನ ದರ್ಶನಕ್ಕೆ ಹೋಗುವವರ ದಟ್ಟಣೆ ಇರುವುದರಿಂದ, ಅಂದು ಆ ಕಡೆಯ ಕೆಲಸ ಇಟ್ಟುಕೊಳ್ಳುವುದಿಲ್ಲ.

ಮೊಣಕಾಲು ನೋವಿರುವ ಅವ್ವನನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದಾಗ ಮಾತ್ರ ಪರಿಚಯದ ಆಟೊದ ಅಣ್ಣನಿಗೆ ಹಿಂದಿನ ದಿನವೇ ಹೇಳಿಡುತ್ತೇನೆ. ಕಾಯುವ ಹೊತ್ತನ್ನೂ ಸೇರಿಸಿ ಬಾಡಿಗೆ ಮಾತಾಡಿಕೊಂಡಿರುವುದರಿಂದ, ವೈದ್ಯರ ಸರದಿ ಎಷ್ಟೇ ತಡವಾದರೂ ಅವ್ವ ಬಿಸಿಲಲ್ಲಿ ನಿಂತು ಗಾಡಿಗಾಗಿ ಕಾಯಬೇಕಾಗುವುದಿಲ್ಲ.