ಮನೆಯಲ್ಲೇ ಕಟ್ಟಿದ ಸಬ್‌ಮರೀನ್: ಗಾಳಿ ಸಿಲಿಂಡರ್‌ಗೆ ಪೈಪ್ ಜೋಡಿಸುವುದು ಹೇಗೆ?

ಕಲಬುರಗಿಯ ಯಾವುದೇ ಪಂಕ್ಚರ್ ಅಂಗಡಿಯ ಕಂಪ್ರೆಸರ್ ನೋಡಿ, ಗೇಜ್ 8–10 ಬಾರ್ ಆಸುಪಾಸಿನಲ್ಲಿರುತ್ತದೆ. ಸಬ್‌ಮರೀನ್‌ಗೆ ಹಾಕುವ ಡೈವಿಂಗ್ ಸಿಲಿಂಡರ್‌ನಲ್ಲಿ 200 ಬಾರ್! ಮುಳುಗಲು ನೀರು ತುಂಬಿಸಿಕೊಳ್ಳುವ ಬಲಾಸ್ಟ್ ಟ್ಯಾಂಕಿನಿಂದ ಆ ನೀರನ್ನು ಹೊರಗೆ ದೂಡಿ ನಿಮ್ಮನ್ನು ಮೇಲೆ ತರುವುದು ಈ ಗಾಳಿಯೇ. ಹಾಗಾಗಿ ಇಲ್ಲಿ ಅವಸರ ಬೇಡ.

ಮೊದಲು ಲೆಕ್ಕ. 10 ಲೀಟರ್ ಸಿಲಿಂಡರ್‌ನಲ್ಲಿ 200 ಬಾರ್ ಇದ್ದರೆ ನೀರಿನ ಮೇಲೆ ಸುಮಾರು 2000 ಲೀಟರ್ ಗಾಳಿ. 10 ಮೀಟರ್ ಆಳದಲ್ಲಿ ಒತ್ತಡ ಎರಡರಷ್ಟಾಗುತ್ತದೆ, ಅದೇ ಗಾಳಿ 1000 ಲೀಟರ್ ನೀರನ್ನಷ್ಟೇ ದೂಡುತ್ತದೆ.

ಪ್ರತಿ ಸಿಲಿಂಡರ್‌ಗೂ ಅದರದೇ ವಾಲ್ವ್ ಮತ್ತು ಗಾಳಿ ಹಿಂದಕ್ಕೆ ಬಾರದಂತೆ ಒಂದು ಎನ್‌ಆರ್‌ವಿ (ನಾನ್ ರಿಟರ್ನ್ ವಾಲ್ವ್) ಹಾಕಿ. ಆಗ ಒಂದು ಸೋರಿದರೂ ಇನ್ನೊಂದು ಉಳಿಯುತ್ತದೆ. ಒತ್ತಡ ಇಳಿಸುವ ರೆಗ್ಯುಲೇಟರ್ ಸಿಲಿಂಡರ್‌ಗಳ ಹತ್ತಿರವೇ ಇರಲಿ. 200 ಬಾರ್ ಹರಿಯುವ ಪೈಪ್ ಗೇಣುದ್ದವಷ್ಟೇ ಇದ್ದರೆ ಒಳ್ಳೆಯದು. ಅದರ ಮುಂದೆ ಸುಮಾರು 10 ಬಾರ್ ಸಾಕು. ಅಲ್ಲೊಂದು ಸೇಫ್ಟಿ ವಾಲ್ವ್ ಬೇಕು, ಅದರ ಗಾಳಿ ಕ್ಯಾಬಿನ್ ಒಳಗಲ್ಲ, ಹೊರಗೆ ಹೋಗಬೇಕು. ಇಲ್ಲದಿದ್ದರೆ ಕ್ಯಾಬಿನ್‌ನ ಒತ್ತಡವೇ ಏರಿ ಕಿವಿ ನೋಯುತ್ತದೆ.

ಪೈಪಿಗೆ ಪಿವಿಸಿ ಬೇಡವೇ ಬೇಡ. ಅದು ಒಡೆದರೆ ಚೂರುಗಳು ಗುಂಡಿನಂತೆ ಸಿಡಿಯುತ್ತವೆ. ಸೀಮ್‌ಲೆಸ್ (ಉದ್ದಕ್ಕೂ ಬೆಸುಗೆ ಇಲ್ಲದ) ಸ್ಟೀಲ್ ಟ್ಯೂಬ್ ತಂದು ಕಟರ್‌ನಿಂದ ನೇರವಾಗಿ ಕತ್ತರಿಸಿ. ಅಂಚಿನ ಚೂಪು ತೆಗೆಯಿರಿ. ಎರಡು ಫೆರುಲ್ (ಟ್ಯೂಬನ್ನು ಕಚ್ಚಿ ಹಿಡಿಯುವ ಉಂಗುರ) ಇರುವ ಫಿಟ್ಟಿಂಗ್ ಒಳಗೆ ತಳ ಮುಟ್ಟುವವರೆಗೆ ಟ್ಯೂಬ್ ತಳ್ಳಿ, ನಟ್ ಕೈಯಿಂದ ಬಿಗಿ ಮಾಡಿ, ಪೆನ್ನಿನಿಂದ ಗುರುತು ಹಾಕಿ. ನಂತರ ಪಾನಾದಿಂದ ಒಂದೂಕಾಲು ಸುತ್ತು. ಗಾಳಿ ತುಂಬಿದ ಮೇಲೆ ಯಾವ ನಟ್ಟನ್ನೂ ಮುಟ್ಟಬಾರದು.

ನಾನು ಥ್ರೆಡ್ಡಿಗೆ ಮನೆ ನಳಕ್ಕೆ ಸುತ್ತಿದ ಹಾಗೆ ಟೆಫ್ಲಾನ್ ಟೇಪ್ ಜಾಸ್ತಿ ಸುತ್ತಿದ್ದೆ. ಅದರ ಎಳೆಯೊಂದು ಹೋಗಿ ಸೇಫ್ಟಿ ವಾಲ್ವ್‌ನಲ್ಲಿ ಸಿಕ್ಕಿತ್ತು. ಇಡೀ ರಾತ್ರಿ ಸುಯ್ ಅಂತ ಸೋರಿತ್ತು. ತುದಿಯ ಮೊದಲ ಎರಡು ಥ್ರೆಡ್ ಖಾಲಿ ಬಿಟ್ಟು ಟೇಪ್ ಸುತ್ತಬೇಕು ಅಂತ ಆಮೇಲೆ ತಿಳಿಯಿತು.

ಹೊರಗಿನಿಂದ ಕ್ಯಾಬಿನ್ ಒಳಗೆ ಬರುವ ಪೈಪಿಗೆ ಗೋಡೆಯ ಪಕ್ಕದಲ್ಲೇ ಒಂದು ವಾಲ್ವ್ ಇರಲಿ. ಬಲಾಸ್ಟ್ ಟ್ಯಾಂಕಿನ ತಳ ತೆರೆದಿಡಿ, ಗಾಳಿ ಜಾಸ್ತಿಯಾದರೂ ಟ್ಯಾಂಕ್ ಒಡೆಯುವುದಿಲ್ಲ.

ಪರೀಕ್ಷೆ ಮೊದಲು ನೀರಿನಿಂದ ಮಾಡಿ. ನೀರು ಕುಗ್ಗುವುದಿಲ್ಲ, ಹೀಗಾಗಿ ಜಾಯಿಂಟ್ ಬಿಚ್ಚಿಕೊಂಡರೂ ಸಿಡಿಯುವ ಬಲ ತೀರಾ ಕಡಿಮೆ. ಆಮೇಲೆ ಪೈಪನ್ನು ಚೆನ್ನಾಗಿ ಒಣಗಿಸಿ, ವಾಲ್ವ್ ನಿಧಾನ ತೆರೆದು ಗಾಳಿ ಬಿಡಿ. ಪ್ರತಿ ಜಾಯಿಂಟಿಗೂ ಸೋಪು ನೀರು ಹಚ್ಚಿ ಗುಳ್ಳೆ ಏಳುತ್ತದಾ ನೋಡಿ.

ಗೇಜನ್ನು ಒಂದು ರಾತ್ರಿ ಬಿಟ್ಟು ನೋಡುವಾಗ ನಮ್ಮ ಬಿಸಿಲು ನೆನಪಿರಲಿ. ಮೇ ತಿಂಗಳ ಸಂಜೆ 42 ಡಿಗ್ರಿಯಲ್ಲಿ 210 ಬಾರ್ ತೋರಿಸಿದ್ದು ಬೆಳಿಗ್ಗೆ 27 ಡಿಗ್ರಿಗೆ 200ಕ್ಕೆ ಇಳಿದರೆ ಅದು ಸೋರಿಕೆ ಅಲ್ಲ. 190ಕ್ಕೆ ಇಳಿದಿದ್ದರೆ ಮತ್ತೆ ಸೋಪು ನೀರು ತನ್ನಿ.