ಗದಗಿನ ನಮ್ಮ ಮುದ್ರಣಾಲಯವನ್ನು ಕಾರ್ಮಿಕರ ಸಹಕಾರ ಸಂಘಕ್ಕೆ ಮಾರಿದ ಬಗೆ

ನಮ್ಮ ತಂದೆಯವರು ಅಚ್ಚುಮೊಳೆ ಜೋಡಿಸುವ ಕಾಲದಲ್ಲಿ ಗದಗಿನಲ್ಲಿ ಆರಂಭಿಸಿದ ಮುದ್ರಣಾಲಯವನ್ನು ಮುಂದುವರಿಸುವವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ. ಕೊಳ್ಳಲು ಬಂದವರ ಕಣ್ಣು ಪೇಟೆಯ ಜಾಗದ ಮೇಲಿತ್ತೇ ಹೊರತು ಆಫ್‌ಸೆಟ್ ಯಂತ್ರಗಳ ಮೇಲಾಗಲಿ, ಬೈಂಡಿಂಗ್ ವಿಭಾಗದ ಹೆಣ್ಣುಮಕ್ಕಳ ಕೈಗುಣದ ಮೇಲಾಗಲಿ ಇರಲಿಲ್ಲ. ಆದ್ದರಿಂದ ಅಲ್ಲಿ ದುಡಿಯುವವರಿಗೇ, ಅವರದೇ ಸಂಘದ ಮೂಲಕ, ನ್ಯಾಯವಾದ ಬೆಲೆ ಕಟ್ಟಿ ಮಾರಲು ನಿರ್ಧರಿಸಿದೆ.

ಸಹಕಾರ ನಮ್ಮ ಜಿಲ್ಲೆಗೆ ಹೊಸದಲ್ಲ. 1905ರಲ್ಲೇ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದ್ದರು. ಆದರೆ ಅದು ಸಾಲದ ಸಂಘ. ದುಡಿಯುವವರೇ ಒಡೆಯರಾಗುವುದಕ್ಕೆ 1957ರಲ್ಲಿ ಬೆಂಗಳೂರಿನ ಕಾಫಿ ಹೌಸ್ ನೌಕರರು ಕಟ್ಟಿಕೊಂಡ ಸಂಘವನ್ನು ನಮ್ಮ ಕಾರ್ಮಿಕರಿಗೆ ಉದಾಹರಣೆಯಾಗಿ ಹೇಳಿದೆ. ಎಲ್ಲ ಕೇಳಿದ ಮೇಲೆ ಹಿರಿಯ ಬೈಂಡರ್ ಒಬ್ಬರು, ‘ನಾಳೆ ಪ್ರೆಸ್ ಮುಳುಗಿದ್ರ ನಮ್ಮ ಮನೀನೂ ಜಪ್ತಿ ಆಗ್ತದೇನ್ರಿ ಮಾಲಕ್ರ?’ ಎಂದು ಕೇಳಿದರು. ಅದೇ ಎಲ್ಲರ ಮನಸ್ಸಿನ ಪ್ರಶ್ನೆಯಾಗಿತ್ತು. ಮಿತ ಹೊಣೆಯ ಸಂಘದಲ್ಲಿ ಸದಸ್ಯರ ನಷ್ಟ ಅವರ ಷೇರಿನ ಹಣದ ಮಿತಿಯನ್ನು ದಾಟುವುದಿಲ್ಲ ಎಂಬುದನ್ನು ಸಂಘದ ನಿಯಮಾವಳಿಯಾದ ಬೈಲಾದಲ್ಲಿ ಬರೆದು ಓದಿ ತೋರಿಸುವವರೆಗೆ ಮಾತುಕತೆ ಮುಂದೆ ಸಾಗಲಿಲ್ಲ.

ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959ರ ಪ್ರಕಾರ ನೋಂದಣಿಗೆ ಕನಿಷ್ಠ ಹತ್ತು ಬೇರೆ ಬೇರೆ ಕುಟುಂಬಗಳ ಸದಸ್ಯರು ಬೇಕು. ಅಣ್ಣತಮ್ಮಂದಿರು, ಗಂಡಹೆಂಡತಿ ಒಟ್ಟಿಗೆ ಕೆಲಸ ಮಾಡುವ ನಮ್ಮಂಥ ಕಡೆ ತಲೆಗಳನ್ನಲ್ಲ, ಮನೆಗಳನ್ನು ಎಣಿಸಬೇಕಾಗುತ್ತದೆ. ಯಂತ್ರ ನಡೆಸುವವರಿಗೂ ಅಚ್ಚಾದ ಹಾಳೆ (ಫಾರ್ಮ್) ಮಡಿಚುವವರಿಗೂ ಒಂದೊಂದೇ ಮತ ಎಂಬುದು ಕೆಲವರಿಗೆ ಒಪ್ಪಿಗೆಯಾಗಲಿಲ್ಲ. ಸಂಬಳ ಕೆಲಸಕ್ಕೆ ತಕ್ಕಂತೆ, ಮತ ಮಾತ್ರ ಸಮಾನ ಎಂದಾಗ ಒಪ್ಪಿದರು.

ಬೆಲೆ ಕಟ್ಟುವಾಗ ಯಂತ್ರ, ದಾಸ್ತಾನು, ಬರಬೇಕಾದ ಬಾಕಿ ಇವುಗಳನ್ನು ಹೊರಗಿನ ಮೌಲ್ಯಮಾಪಕರಿಂದ ಲೆಕ್ಕ ಹಾಕಿಸಿದೆ. ಬಳಿಕ ಪ್ರತಿಯೊಬ್ಬರಿಗೂ ಅಲ್ಲಿಯವರೆಗಿನ ಸೇವೆಗೆ ಸಲ್ಲಬೇಕಿದ್ದ ಗ್ರಾಚ್ಯುಟಿಯನ್ನು (ಕೆಲಸ ಬಿಡುವಾಗ ದೀರ್ಘ ಸೇವೆಗಾಗಿ ಕೊಡುವ ಹಣ), ಅಂದರೆ ಕೊನೆಯ ತಿಂಗಳ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಿದ ಮೊತ್ತವನ್ನು, ಒಟ್ಟು ಬೆಲೆಯಿಂದ ಕಳೆದೆ. ಸೇವೆ ಮುರಿಯದಂತೆ ಆ ಹೊಣೆಯನ್ನು ಸಂಘವೇ ವಹಿಸಿಕೊಳ್ಳುತ್ತಿದ್ದುದರಿಂದ ಇದು ನಾನು ತೋರಿದ ಔದಾರ್ಯವಲ್ಲ, ಅವರು ದುಡಿದು ಗಳಿಸಿದ ಪಾಲು. ಈ ಲೆಕ್ಕದ ಹಾಳೆಯನ್ನು ಎಲ್ಲರ ಕೈಗೂ ಕೊಟ್ಟೆ, ಮತ್ತು ಇಡೀ ವ್ಯವಹಾರದಲ್ಲಿ ನಂಬಿಕೆ ಹುಟ್ಟಿಸಿದ್ದು ಆ ಒಂದು ಹಾಳೆ ಎಂದೇ ಭಾವಿಸುತ್ತೇನೆ.

ಉಳಿದ ಮೊತ್ತವನ್ನು ಕಂತುಗಳಲ್ಲಿ ಪಡೆಯಲು ಒಪ್ಪಿದೆ. ಸಮಾನ ಮಾಸಿಕ ಕಂತು ಮುದ್ರಣದ ಕಸುಬಿಗೆ ಹೊಂದುವುದಿಲ್ಲ. ತುಳಸಿ ಲಗ್ನದ ನಂತರ ಲಗ್ನಪತ್ರಿಕೆಗಳು, ವರ್ಷದ ಕೊನೆಗೆ ಕ್ಯಾಲೆಂಡರುಗಳು, ಬೇಸಿಗೆಯ ಕೊನೆಗೆ ಶಾಲೆಯ ಕೆಲಸ ಹಣ ತರುತ್ತವೆ. ಆಷಾಢದಲ್ಲಿ ಯಂತ್ರಗಳು ಸುಮ್ಮನಿರುತ್ತವೆ. ಆದ್ದರಿಂದ ದೊಡ್ಡ ಕಂತುಗಳನ್ನು ಕೆಲಸದ ಸುಗ್ಗಿಗೆ ಹೊಂದಿಸಿ, ಆಷಾಢಕ್ಕೆ ಕಂತೇ ಇಡಲಿಲ್ಲ. ನಿವ್ವಳ ಲಾಭದ ಕನಿಷ್ಠ ಶೇ. 25ರಷ್ಟು ಮೀಸಲು ನಿಧಿಗೆ ಹೋಗಬೇಕೆಂಬ ನಿಯಮವನ್ನೂ ಲೆಕ್ಕಕ್ಕೆ ಹಿಡಿದೆವು. ಮಾರುವವರು ಗಮನಿಸಬೇಕಾದ ಇನ್ನೊಂದು ಅಂಶವಿದೆ: ನಡೆಯುತ್ತಿರುವ ವ್ಯವಹಾರವನ್ನು ಇಡಿಯಾಗಿ ವರ್ಗಾಯಿಸಿದರೆ ಜಿಎಸ್‌ಟಿ ಬೀಳುವುದಿಲ್ಲ, ಆದರೆ ಹಣ ಕಂತಿನಲ್ಲಿ ಬಂದರೂ ಬಂಡವಾಳ ಲಾಭದ ತೆರಿಗೆ ವರ್ಗಾವಣೆಯಾದ ವರ್ಷಕ್ಕೇ ಸೇರುತ್ತದೆ. ಮೊದಲ ಕಂತು ಆ ತೆರಿಗೆಗೆ ಸಾಲುವಷ್ಟಾದರೂ ಇರಬೇಕು.

ಪತ್ರ ಬರೆದು ವರ್ಗಾಯಿಸಲಾಗದ್ದು ಪತ್ತು, ಅಂದರೆ ಪೇಟೆಯಲ್ಲಿ ಸಾಲ ಸಿಗುವಂಥ ನಂಬಿಕೆ. ಕಾಗದದ ವ್ಯಾಪಾರಿಗಳು ಮಾಲು ಉದ್ರಿ ಕೊಡುತ್ತಿದ್ದುದು ನಮ್ಮ ಮನೆತನದ ಮಾತಿನ ಮೇಲೆ. ಹಾಗಾಗಿ ಮಾರಾಟಕ್ಕೆ ಬಹಳ ಮೊದಲೇ ಕಾಗದ ಖರೀದಿಯನ್ನೂ ಗಿರಾಕಿಗಳಿಗೆ ದರ ಹೇಳುವುದನ್ನೂ ಕಾರ್ಮಿಕರಿಗೇ ಬಿಟ್ಟು, ಹುಬ್ಬಳ್ಳಿಯ ವ್ಯಾಪಾರಿಗಳ ಬಳಿ ಸಂಘದ ಅಧ್ಯಕ್ಷೆಯನ್ನೂ ಕಾರ್ಯದರ್ಶಿಯನ್ನೂ ಕರೆದೊಯ್ದು, ಮೊದಮೊದಲು ನನ್ನ ಜಾಮೀನಿನ ಮೇಲೆ, ಅವಧಿಗೆ ಸರಿಯಾಗಿ ಅವರೇ ಹಣ ತೀರಿಸುವಂತೆ ಏರ್ಪಡಿಸಿದೆ. ಪ್ಲೇಟು, ಕಾಗದದ ಹಾಳು, ವಿದ್ಯುತ್ತು, ಕೂಲಿ ಸೇರಿಸಿ ಸಾವಿರ ಪ್ರತಿಗೆ ದರ ಹಾಕುವುದನ್ನು ಕಲಿಯದ ಸಂಘಕ್ಕೆ ಒಡೆತನ ಬರೀ ಭಾರ.

ಕಟ್ಟಡ ನಮ್ಮ ಕುಟುಂಬದ ಹೆಸರಿನಲ್ಲೇ ಉಳಿದಿದೆ. ಹನ್ನೊಂದು ತಿಂಗಳ ಕರಾರಿನ ಮೇಲೆ ಯಾರೂ ನಿಶ್ಚಿಂತೆಯಿಂದ ಯಂತ್ರ ನಡೆಸಲಾರರು ಎಂದು ದೀರ್ಘಾವಧಿಯ ಗುತ್ತಿಗೆ ಪತ್ರವನ್ನು ನೋಂದಣಿ ಮಾಡಿಸಿಕೊಟ್ಟೆ. ಕೊನೆಯ ಕಂತು ತೀರುವವರೆಗೆ ದೊಡ್ಡ ಆಫ್‌ಸೆಟ್ ಯಂತ್ರದ ಮೇಲೆ ನನ್ನ ಅಡವಿನ ಹಕ್ಕಿರುತ್ತದೆ. ಸಂಘದ ಸಭೆಯಲ್ಲಿ ಮತದ ಹಕ್ಕನ್ನು ನಾನು ಕೇಳಿಲ್ಲ.